ಬಟ್ಟೆಯೊಳಗಿನ ಕೈ

"ನನ್ನವ್ವ ಎಲ್ಲಿ?"

ಕುರಿಗಳನ್ನು ಹಟ್ಟಿಗೆ ಸೇರಿಸಿ ಬಂದ ರಾಮಲಿಂಗಪ್ಪ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅವನಪ್ಪ ಸಿದ್ದರಾಮಪ್ಪ ಮಣ್ಣಾಗಿ ಅಂದಿಗೆ ಮೂರನೆಯ ದಿನ. ಮಲ್ಲಟದ ಆ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಚಿಕ್ಕವ್ವ ದುರುಗಮ್ಮನ ಕೊರಳು ಬೋಳಾಗಿತ್ತು. ತಾಳಿ ಇಲ್ಲದ್ದು ಅವನಿಗೆ ಅರ್ಥವಾಯಿತು, ಗಂಡ ಸತ್ತವಳ ತಾಳಿ ತೆಗೆಸುತ್ತಾರೆ. ಆದರೆ ಕರಿದಾರದಲ್ಲಿ ಅವಳ ಎದೆಯ ಮೇಲೆ ಸದಾ ತೂಗುತ್ತಿದ್ದ ಬೆಳ್ಳಿ ಬಿಲ್ಲೆ... ಅದೂ ಇರಲಿಲ್ಲ.

ಆ ಬಿಲ್ಲೆಯ ಮೇಲೆ ಒಂದು ಹೆಣ್ಣಿನ ಮುಖವಿತ್ತು. ಮೊದಲ ಹೆಂಡತಿ ಸತ್ತು ಗಂಡ ಇನ್ನೊಬ್ಬಳನ್ನು ತಂದರೆ, ಬಂದವಳು ಸತ್ತವಳ ಮುಖವನ್ನು ಬೆಳ್ಳಿಯಲ್ಲಿ ಮಾಡಿಸಿ ಕೊರಳಿಗೆ ಕಟ್ಟಿಕೊಳ್ಳಬೇಕು. ಉಣ್ಣುವ ಮೊದಲು ತುತ್ತನ್ನು ಅದಕ್ಕೆ ತೋರಿಸಬೇಕು, ಹೊಸ ಸೀರೆಯನ್ನು ಮೊದಲು ಅದಕ್ಕೆ ಮುಟ್ಟಿಸಿ ಆಮೇಲೆ ಉಡಬೇಕು. ಸವತಿ ಬಿಲ್ಲೆ ಎನ್ನುತ್ತಿದ್ದರು. ರಾಮಲಿಂಗಪ್ಪನ ಹೆತ್ತ ತಾಯಿ ಗೋಪಮ್ಮ ತೀರಿಕೊಂಡಾಗ ಅವನಿನ್ನೂ ತೊದಲುತ್ತಿದ್ದ. ಫೋಟೋ ಎಂಬುದು ಆ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಅವನ ಪಾಲಿಗೆ ಆ ಬಿಲ್ಲೆಯೇ ಅವ್ವ. ಚಿಕ್ಕವ್ವನ ಸೊಂಟದ ಮೇಲೆ ಕೂತು, ಅದನ್ನು ಬಾಯಲ್ಲಿಟ್ಟು ಕಡಿಯುತ್ತ ಕಡಿಯುತ್ತ ನಿದ್ದೆ ಹೋಗುತ್ತಿದ್ದ. ಆಗ ಒಂದು ಮುಖ ಕನಸಿಗೆ ಬರುತ್ತಿತ್ತು. ಕೆಳಗಿನಿಂದ ನೋಡಿದ ಮುಖ; ಬೆಳದಿಂಗಳಲ್ಲಿ ಅದ್ದಿದ ಗದ್ದ, ಗದ್ದದ ಅಡಿಯಲ್ಲಿ ಸಾಲಾಗಿ ಮೂರು ಹಸಿರು ಚುಕ್ಕಿ. ಅದು ಏನನ್ನೋ ಗುನುಗುತ್ತಿತ್ತು. ಅದೇ ತನ್ನವ್ವ ಎಂದು ಅವನು ನಂಬಿದ್ದ.

"ಬಿಲ್ಲಿ ಯಾರು ತಗದ್ರು?"

ದುರುಗಮ್ಮ ತಲೆ ಎತ್ತಲಿಲ್ಲ. "ನಾನ ತಗದೆ."

"ತಗದು?"

ಅವಳ ತುಟಿ ಅಲುಗುವುದರೊಳಗೆ ಒಲೆಯ ಮುಂದಿದ್ದ ಅಯ್ಯಮ್ಮ ಸೆರಗು ಕೊಡವಿ ಎದ್ದಳು. ಅವಳು ಸತ್ತವನ ಅಕ್ಕ. ತಮ್ಮ ಹೋದ ದಿನದಿಂದ ಆ ಮನೆಯ ಕೀಲಿಕೈ ಅವಳ ಸೊಂಟದಲ್ಲಿತ್ತು. "ತಗದು ಏನ್ ಮಾಡ್ತಾಳ? ಮಾರ್ಯಾಳ. ಗಂಡನ ಇಲ್ಲದಾಕಿಗೆ ಸವತಿ ಎಲ್ಲಿಂದ ಬರ್ತಾಳ?"

ದುರುಗಮ್ಮ ಸಟ್ಟನೆ ಮುಖ ಎತ್ತಿ ಅಯ್ಯಮ್ಮನನ್ನೇ ನೋಡಿದಳು. ಹಾಗೆ ನೋಡುತ್ತಲೇ ಉಳಿದಳು. ಆ ನೋಟದಲ್ಲಿ ಏನಿತ್ತೆಂದು ಓದುವ ವಯಸ್ಸು ಅವನದಲ್ಲ. ಸಿಕ್ಕಿಬಿದ್ದ ಕಳ್ಳಿಯ ಕಣ್ಣು ಎಂದುಕೊಂಡ.

"ನನ್ನವ್ವನ್ನ ಮಾರಿದಿ," ಎಂದ. "ಇನ್ನ ನಿನ್ನ ಕೈಯಾಗಿನ ತುತ್ತು ನನಗ ಬ್ಯಾಡ."

ಮೈಯೆಲ್ಲ ಬೆಂಕಿಯಾಗಿ ಹೊರಟ. ಹಿಂದೆ ಬರಿಗಾಲಿನಲ್ಲಿ ಓಡಿಬರುತ್ತಿದ್ದವಳ ಕೂಗು ಊರ ಬಾವಿಯವರೆಗೂ ಕೇಳಿತು. ತಿರುಗಲಿಲ್ಲ. ಏಳನೆಯ ಇಯತ್ತೆಯ ಪುಸ್ತಕ ಗೂಡಿನಲ್ಲೇ ಉಳಿಯಿತು. ಹತ್ತಿ ಲಾರಿಯ ಮೇಲೆ ಕೂತು, ಕಲ್ಮಲ ದಾಟಿ, ರಾಯಚೂರು ಸೇರಿದ.

ಹನ್ನೆರಡು ವರ್ಷ ಕಳೆದವು.

ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಓಣಿಯಲ್ಲಿ ಬುರ್ಹಾನುದ್ದೀನ್ ಸಾಹೇಬರ ಹರಾಜಖಾನೆ. ನಿಜಾಮನ ಕಾಲದ ದೊಡ್ಡ ಮನೆಗಳು ಕರಗುತ್ತ ಕರಗುತ್ತ ಅಲ್ಲಿಗೆ ಬಂದು ಸೇರುತ್ತಿದ್ದವು: ಬೆಳ್ಳಿಯ ಅತ್ತರದಾನಿ, ಗುಲಾಬದಾನಿ, ಮುಚ್ಚಳದೊಳಗೆ ಯಾರದೋ ಹೆಸರು ಕೊರೆದ ಸರಪಳಿ ಗಡಿಯಾರ. ಬಣ್ಣದ ಗಾಜಿನ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಕೆಂಪಾಗಿ, ನೀಲಿಯಾಗಿ ಅವುಗಳ ಮೇಲೆ ಬೀಳುತ್ತಿತ್ತು. ಹತ್ತಾರು ಗಡಿಯಾರ ಹತ್ತಾರು ಹೊತ್ತು ತೋರಿಸುತ್ತಿದ್ದವು. ಒಳಗೆ ಬಂದವರಿಗೆ ಯಾವ ಕಾಲದಲ್ಲಿದ್ದೇವೆಂದು ಒಂದು ಗಳಿಗೆ ತಿಳಿಯುತ್ತಿರಲಿಲ್ಲ.

ಅಲ್ಲಿ ಕೂಗಾಟವಿಲ್ಲ. ಒಂದು ಮನೆತನದ ಬೆಳ್ಳಿಗೆ ಯಾರು ಯಾರು ಎಷ್ಟೆಷ್ಟು ಕೇಳಿದರೆಂದು ಬೀದಿಗೆ ತಿಳಿಯಬಾರದು, ಅದು ಸಾಹೇಬರ ನೇಮ. ಅಲ್ಲಿ ಕೆಲಸಕ್ಕಿದ್ದ ರಾಮಲಿಂಗಪ್ಪ ಹೆಗಲ ಮೇಲಿನ ಬಿಳಿ ಬಟ್ಟೆಯನ್ನು ಮುಂಗೈ ಮೇಲೆ ಇಳಿಬಿಡುತ್ತಿದ್ದ. ಕೊಳ್ಳುವವರು ಒಬ್ಬೊಬ್ಬರಾಗಿ ಬಂದು ಬಟ್ಟೆಯ ಕೆಳಗೆ ಅವನ ಕೈ ಹಿಡಿದು ಬೆರಳಿನಲ್ಲೇ ಬೆಲೆ ಹೇಳಬೇಕು. ಒಂದು ಬೆರಳಿಗೆ ನೂರು ರೂಪಾಯಿ. ಒಂದು ಮಾಲಿಗೆ ಒಬ್ಬರದು ಒಂದೇ ಸಲ ಕೈ. ಎಲ್ಲ ಕೈ ಮುಗಿದ ಮೇಲೆ ಯಾರದು ಹೆಚ್ಚೋ ಅವರ ಮುಂದೆ ಅವನು ಮಾಲು ಇಡುತ್ತಿದ್ದ. ಕೈ ಹಿಡಿಯುವವನಿಗೆ ಎರಡೇ ಕಟ್ಟಳೆ: ಅವನು ಸುಳ್ಳು ಹೇಳಬಾರದು, ಅವನು ಕೊಳ್ಳಬಾರದು.

ಮುಖ ನೋಡಿ ಮನುಷ್ಯರನ್ನು ನಂಬುವುದನ್ನು ಬಿಟ್ಟಿದ್ದ ಅವನಿಗೆ ಕೈಗಳು ಮಾತಾಡುತ್ತಿದ್ದವು. ಜೂಜುಗಾರನ ಕೈ ಬೆವರುತ್ತದೆ. ಜಿಪುಣನ ಬೆರಳು ಅರ್ಧ ಚಾಚಿ ಹಿಂದೆ ಸರಿಯುತ್ತದೆ. ಒಮ್ಮೆ ಅಕ್ಬರಿ ಬೇಗಂ ಎಂಬ ಮುದುಕಿ, ಮಗ ಮಾರಿದ್ದ ತನ್ನದೇ ಮನೆಯ ಗುಲಾಬದಾನಿಯನ್ನು ಮರಳಿ ಕೊಳ್ಳಲು ಬುರ್ಖಾದೊಳಗಿಂದ ಕೈ ಚಾಚಿದ್ದಳು. ಆ ಕೈ ಗೂಡಿನಿಂದ ಬಿದ್ದ ಗುಬ್ಬಿಮರಿಯ ಹಾಗೆ ನಡುಗಿತ್ತು. ಅಂದು ಅವನಿಗೆ ಊಟ ಸೇರಿರಲಿಲ್ಲ.

ಒಂದು ದಿನ ದೇವದುರ್ಗದಲ್ಲಿ ಮುಚ್ಚಿದ ಬೆಳ್ಳಿ ಅಂಗಡಿಯೊಂದರ ಹಳೆಯ ಮಾಲು ಬಂತು. ಗಂಟು ಬಿಚ್ಚಿ ತಟ್ಟೆಗೆ ಸುರಿದವನ ಉಸಿರು ನಿಂತಿತು.

ಸವತಿ ಬಿಲ್ಲೆಗಳು. ಒಂದಲ್ಲ, ಏಳು. ಏಳರ ಮೇಲೂ ಅದೇ ಮುಖ! ಅದೇ ಮೂಗು, ಅದೇ ಮುಚ್ಚಿದ ಕಣ್ಣು.

ಜಗಲಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಸಲಾವುದ್ದೀನ್ ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆಯೇ ಹತ್ತಿರ ಬಂದ. "ಏನಲೇ, ದೆವ್ವ ಕಂಡಂಗ ನಿಂತಿ?"

"ಇದ್ರಾಗ ಒಬ್ಬಾಕಿ ನಮ್ಮವ್ವ."

"ಏಳೂ ಒಂದ ಅಚ್ಚಿನವು ಅದಾವಲ್ಲೋ. ಪತ್ತಾರ ಒಂದ ಅಚ್ಚು ಇಟಗೊಂಡು ಊರ ಮಂದಿ ಹೆಂಡ್ರನೆಲ್ಲ ಹೊಡದಾನ."

ಸಲಾವುದ್ದೀನ್ ನಗಿಸಲೆಂದೇ ಅಂದದ್ದು. ರಾಮಲಿಂಗಪ್ಪ ಗೋಡೆಗೆ ಗುದ್ದಿದ. ಗೆಣ್ಣು ಸುಲಿಯಿತು. ಬಡವರ ಮನೆಯಲ್ಲಿ ಸತ್ತ ಹೆಂಗಸಿಗೆ ತನ್ನದೊಂದು ಮುಖವೂ ಇಲ್ಲವೇ! ಹಾಗಾದರೆ ಇಷ್ಟು ವರ್ಷ ತಾನು ಕುದ್ದದ್ದು ಯಾರಿಗಾಗಿ? ಆದರೂ ಕೈ ಸುಮ್ಮನಿರಲಿಲ್ಲ. ಒಂದೊಂದರ ಅಂಚಿನ ಮೇಲೂ ಉಗುರು ಎಳೆದ. ಐದನೆಯ ಬಿಲ್ಲೆಗೆ ಬಂದಾಗ ಉಗುರು ತಡೆಯಿತು. ಅಂಚಿನಲ್ಲಿ ಸಣ್ಣ ಸಣ್ಣ ತಗ್ಗು... ಹಾಲುಹಲ್ಲಿನ ಗುರುತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಹಳ ಹೊತ್ತು ಕೂತ. ಕಣ್ಣು ಮುಚ್ಚಿದರೆ ಮೂರು ಹಸಿರು ಚುಕ್ಕಿ ತೇಲುತ್ತಿದ್ದವು. ತೆರೆದು ನೋಡಿದರೆ ಬೆಳ್ಳಿಯ ಮೇಲೆ ಯಾವ ಚುಕ್ಕಿಯೂ ಇಲ್ಲ.

ಬುರ್ಹಾನುದ್ದೀನ್ ಸಾಹೇಬರು ಅವನ ಮಾತು ಪೂರ್ತಿ ಕೇಳಿದರು. "ನಿನ್ನ ಸಂಕಟ ನಂಗ ತಿಳೀತದ, ಬೇಟಾ. ಆದ್ರ ಹೈದರಾಬಾದಿನ ಸೇಟು ಏಳೂ ಕೂಡೇ ಬೇಕಂತಾನ. ತಟ್ಟಿಗೆ ಬಂದ ಮಾಲು ಬಟ್ಟಿಯಾಗಿಂದನ ಹೋಗಬೇಕು. ನಮ್ಮಪ್ಪ ಸತ್ತಾಗ ಅವನ ಗಡಿಯಾರನೂ ಹಂಗ ಹೋತು."

ಅಂದು ಸಂಜೆ ರಾಮಲಿಂಗಪ್ಪ ಕೂಡಿಟ್ಟ ಎರಡು ನೂರನ್ನೂ ಸಲಾವುದ್ದೀನನ ಕೈಗೆ ಹಾಕಿ, "ನನ್ನ ಪರವಾಗಿ ನೀ ಕೈ ಹಾಕು," ಎಂದ. ಕೊಳ್ಳಬಾರದವನು ಇನ್ನೊಬ್ಬನ ಕೈಯಿಂದ ಕೊಂಡರೆ ಅದೂ ಕೊಂಡ ಹಾಗೆಯೇ. ಗೊತ್ತಿದ್ದೇ ಮಾಡಿದ.

ಶುಕ್ರವಾರದ ನಮಾಜು ಮುಗಿದ ಮೇಲೆ ಹರಾಜು ಶುರುವಾಯಿತು. ಸೇಟು ತಟ್ಟೆಯಲ್ಲಿನ ಬಿಲ್ಲೆಗಳನ್ನು ಕಡಲೆಬೀಜದ ಹಾಗೆ ಕೈಯಲ್ಲಿ ಆಡಿಸಿದ.

"ಒಂದು ಸರಾ ಮಾಡಿಸ್ತೀನಿ. ಬೊಂಬಾಯಿದಾಗ ಗೋರಾ ಮೇಮ್‌ಗಳು ಹಿಂಗಿದ್ದ ಹುಡುಕ್ತಾರ."

ಸತ್ತವರನ್ನು ಪೋಣಿಸಿ ಸರ ಮಾಡುತ್ತಾನಂತೆ! ರಾಮಲಿಂಗಪ್ಪನ ಹಲ್ಲು ಕಟಕಟಿಸಿತು. ಬಟ್ಟೆ ಇಳಿಬಿಟ್ಟ. ಸೇಟುವಿನ ಕೈ ಬೆಣ್ಣೆಯ ಹಾಗಿತ್ತು, ಉಂಗುರಗಳು ಒತ್ತಿದವು. ನಾಲ್ಕು ಬೆರಳು. ಬೆನ್ನಿಗೇ ಬಂದ ಸಲಾವುದ್ದೀನನ ಕೈಗೆ ಗಡಿಯಾರದ ಎಣ್ಣೆಯ ವಾಸನೆ. ಎರಡು ಬೆರಳು. ಎರಡಕ್ಕಿಂತ ಹೆಚ್ಚು ಅವನು ತೆಗೆಯುವಂತಿರಲಿಲ್ಲ. ಅವನು ಹೋಗುವಾಗ ರಾಮಲಿಂಗಪ್ಪನ ಅಂಗೈಯನ್ನು ಒಮ್ಮೆ ಒತ್ತಿ ಹೋದ, ತೀರಿಹೋದವರ ಮನೆಗೆ ಬಂದವನು ಒತ್ತುವ ಹಾಗೆ.

"ಮತ್ತ ಯಾರು ಅದೀರಿ?" ಎಂದರು ಸಾಹೇಬರು.

"ನಾ ಅದೀನ್ರಿ ಯಪ್ಪಾ."

ಬಾಗಿಲ ಬಳಿಯಿಂದ ಒಬ್ಬ ಹೆಂಗಸು ಎದ್ದು ಬಂದಳು. ಸೆರಗು ಹಣೆ ದಾಟಿ ಇಳಿದಿತ್ತು, ಹೆಗಲ ಮೇಲೆ ಕುರಿಗಾರರ ಕಂಬಳಿ, ಕಾಲಲ್ಲಿ ದಾರಿಯ ಕೆಂಧೂಳು. ತಲೆ ಬಗ್ಗಿಸಿಯೇ ಬಟ್ಟೆಯ ಕೆಳಗೆ ಕೈ ಇಟ್ಟಳು.

ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ. ಮೂರು ಬೆರಳು ಚಾಚಿತು. ಉಳಿದೆರಡು ಮಡಚಿಯೇ ಇದ್ದವು. ಲೆಕ್ಕ ಹಿಡಿದು ಕೈ ಬಿಡಬೇಕೆಂದವನ ಹೆಬ್ಬೆರಳು ಅವಳ ಹೆಬ್ಬೆರಳಿನ ಬುಡಕ್ಕೆ ತಾಗಿತು. ಅಲ್ಲಿ, ಚರ್ಮದ ಮಡಿಕೆಯಲ್ಲಿ, ನಾಲ್ಕು ಸಣ್ಣ ಗಂಟು ಸಾಲಾಗಿದ್ದವು.

ಗಡಿಯಾರಗಳೆಲ್ಲ ಒಟ್ಟಿಗೆ ನಿಂತ ಹಾಗಾಯಿತು. ಅವನಿಗೆ ಆ ಗುರುತು ಗೊತ್ತಿತ್ತು. ಹೊಸ ಮದುವಣಗಿತ್ತಿಯಾಗಿ ಬಂದ ಚಿಕ್ಕವ್ವ ಮೊದಲ ತುತ್ತು ಬಾಯಿಗಿಡಲು ಬಂದಾಗ ಕೂಸು ಕೈಯನ್ನೇ ಕಚ್ಚಿ ಹಿಡಿದಿತ್ತಂತೆ, ರಕ್ತ ಬಂದರೂ ಬಿಡಲಿಲ್ಲವಂತೆ. "ಇದು ನೀ ಒತ್ತಿದ ಮುದ್ರಿ, ಇನ್ನ ನಾ ಎಲ್ಲಿಗೂ ಹೋಗಂಗಿಲ್ಲ," ಎಂದು ಅವಳು ಅದನ್ನು ತೋರಿಸಿ ನಗುತ್ತಿದ್ದಳು. ಮಾರಿದವಳು ಕೊಳ್ಳಲು ಯಾಕೆ ಬಂದಳು? ಹನ್ನೆರಡು ವರ್ಷ ಕುದ್ದ ಸಿಟ್ಟು ಎದೆಯಲ್ಲಿ ಕಾಲೂರಲು ಜಾಗ ಸಿಗದೆ ತೂಗಾಡಿತು...

ಮೂರು ಅವಳದು, ನಾಲ್ಕು ಸೇಟುವಿನದು.

ಅವನು ಬಟ್ಟೆಯೊಳಗೇ ಅವಳ ಮಡಚಿದ ಬೆರಳೊಂದನ್ನು ಬಿಡಿಸಿದ. ಆಮೇಲೆ ಇನ್ನೊಂದನ್ನು. ಅಂಗೈ ಪೂರ್ತಿ ತೆರೆಯಿತು.

ಅವಳು ಬೆಚ್ಚಿದಳು. "ಯಪ್ಪಾ, ಅಷ್ಟು ನನ್ನ ಹಂತ್ಯಾಕ ಇಲ್ಲ," ಎಂದು ಪಿಸುಗುಟ್ಟಿದಳು.

"ಅದ, ಯವ್ವಾ. ಸುಮ್ಮನಿರು."

ರಾಯಚೂರಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳನ್ನೂ ಅವನು ಯವ್ವಾ ಎಂದೇ ಕರೆಯುತ್ತಿದ್ದ. ಇವಳನ್ನು ಮಾತ್ರ ಇಂದಿನವರೆಗೂ ಕರೆದಿರಲಿಲ್ಲ.

ತಟ್ಟೆಯನ್ನು ತಂದು ಅವಳ ಮುಂದೆ ಇಟ್ಟ. ಸೇಟು ಎದ್ದು ನಿಂತ. "ಈಕಿ ಎಷ್ಟು ಹೇಳ್ಯಾಳ? ಕುರಿ ಕಾಯೋರ ಹಂತ್ಯಾಕ ಇಷ್ಟು ರೊಕ್ಕ ಎಲ್ಲಿಂದ ಬಂತು?"

"ಕೈ ತೋರಿಸಿದ್ದಕ್ಕ ರೊಕ್ಕ ಅದ, ಸೇಟ್ರ," ಎನ್ನುತ್ತ ರಾಮಲಿಂಗಪ್ಪ ಸಲಾವುದ್ದೀನನ ಕಡೆ ನೋಡಿದ. ಸಲಾವುದ್ದೀನ್ ಕಣ್ಣಿನ ಮಸೂರ ತೆಗೆದು, ಎದ್ದು ಬಂದು, ಆ ಎರಡು ನೂರನ್ನು ಅವಳು ಬಿಚ್ಚಿಟ್ಟ ಮುನ್ನೂರರ ಗಂಟಿನ ಪಕ್ಕ ಇಟ್ಟ.

ರಾಮಲಿಂಗಪ್ಪ ಹೆಗಲ ಮೇಲಿನ ಬಿಳಿ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ, ಸಾಹೇಬರ ಕಾಲ ಬಳಿ ಇಟ್ಟ.

"ಸುಳ್ಳು ಹೇಳಿದೇನು?" ಎಂದರು ಸಾಹೇಬರು. ದನಿ ಎತ್ತಲಿಲ್ಲ.

"ಇಲ್ರಿ. ಕೊಂಡೆ."

ಸಾಹೇಬರು ಸೇಟುವಿನ ಕಡೆ ತಿರುಗಿದರು. "ಸೇಟ್ರ, ಮಾಲಿಗೆ ನಿಮಗಿಂತ ಹೆಚ್ಚಿಗಿ ಬಂದದ, ಹಕ್ಕು ಆಕೀದು." ಆಮೇಲೆ ಬಗ್ಗಿ ಬಟ್ಟೆ ಎತ್ತಿಕೊಂಡರು. "ಇದನ್ನ ಮಾತ್ರ ನಿನಗ ತಿರುಗಿ ಕೊಡಾಕ ಬರಂಗಿಲ್ಲ, ರಾಮಲಿಂಗಪ್ಪ. ನಿನ್ನಂಥ ಕೈ ನನಗ ಮತ್ತ ಸಿಗಂಗಿಲ್ಲ. ಆದ್ರೂ ಬರಂಗಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು.

ಹೆಸರು ಕೇಳಿದ್ದೇ ಹೆಂಗಸಿನ ಸೆರಗು ಜಾರಿತು. ಅವಳು ಅವನ ಮೀಸೆಯನ್ನು, ಹಣೆಯನ್ನು, ಸುಲಿದ ಗೆಣ್ಣನ್ನು ನೋಡಿದಳು. "ಗೆಣ್ಣಿಗೆ ಏನ್ ಮಾಡ್ಕೊಂಡಿ?" ಎಂದಳು. ಹನ್ನೆರಡು ವರ್ಷದ ಮೇಲೆ, ಅವನೆಂದು ತಿಳಿದು ಅವಳಾಡಿದ ಮೊದಲ ಮಾತು ಅದು.

ಹರಾಜಖಾನೆಯ ಮೆಟ್ಟಿಲ ಮೇಲೆ ಕೂತು ಅವಳು ಹೇಳಿದಳು. "ಅಯ್ಯಮ್ಮ ಅಂದ್ಲು, ಸವತಿ ಗಂಡನ್ನ ಕರಕೊಂಡ್ಲು, ಬಿಲ್ಲಿ ಕೊಳ್ಳಾಗ ಇದ್ರ ಇನ್ನ ಮಗನ್ನೂ ಕರಕೊಂತಾಳ ಅಂತ. ನಾ ಅಂಜಿದೆ. ನನ್ನ ಕೈಯಾರ ತಗದು, ಗೂಗಲ್ ಊರ ಹೊಳಿಗೆ ಬಿಟ್ಟು ಬಾ ಅಂತ ಆಕಿ ಕೈಯಾಗ ಕೊಟ್ಟೆ. ಆಕಿ ಅದನ್ನ ಮಾರ್ಯಾಳಂತ ನನಗ ತಿಳಿದದ್ದು ಆಕಿ ನಿನ್ನ ಮುಂದ ಅಂದಾಗನ. ಹೇಳೂಣು ಅಂದ್ರ ನೀ ನಿಂತ್ಯೇನು?"

"ಆವತ್ತಿಂದ ಹುಡುಕಿದ್ಯಾ?"

"ಸಂತಿ ಸಂತಿ ತಿರಗೀನಿ. ಮಾನ್ವಿ, ದೇವದುರ್ಗ, ಯಾವ ಬೆಳ್ಳಿ ಅಂಗಡೀನೂ ಬಿಟ್ಟಿಲ್ಲ. ಬಿಲ್ಲಿ ಸಿಕ್ರ ನೀ ಸಿಗತಿ ಅನ್ಕೊಂಡಿದ್ದೆ. ಹುಚ್ಚು." ಕಾಲಿನ ಧೂಳು ಕೊಡವಿದಳು. "ದೇವದುರ್ಗದ ಅಂಗಡ್ಯಾಂವ ಮುಚ್ಚಿಟ್ಟಿದ್ದ ಮಾಲು ಇಲ್ಲಿಗೆ ಬಂತು ಅಂತ ಕೇಳಿ, ಇದ್ದ ಆಡು ಎಲ್ಲಾ ಮಾರಿ ಬಂದೀನಿ. ಇನ್ನ ಮನಿಯಾಗ ನಾ, ಬೆಕ್ಕು. ನಿನಗ ಕೆಲಸಿಲ್ಲ, ನನಗ ಆಡಿಲ್ಲ."

ಅವನಿಗೆ ಅಳುವ ಬದಲು ನಗು ಬಂತು. ನಗುತ್ತಲೇ ಎದ್ದು ಅವಳ ಗಂಟು ಎತ್ತಿಕೊಂಡ.

ಮರುದಿನ ಇಬ್ಬರೂ ಕೃಷ್ಣೆಯ ದಂಡೆಯ ಗೂಗಲ್ಲಿನ ಬಸ್ಸು ಹತ್ತಿದರು. ಕೃಷ್ಣೆ ಬಿಸಿಲಿನಲ್ಲಿ ಬೆಳ್ಳಿ ಕರಗಿಸಿ ಹೊಯ್ದ ಹಾಗೆ ಮಲಗಿದ್ದಳು. ಅಲ್ಲಮಪ್ರಭುವಿನ ಗುಡಿಯ ಕಡೆಯಿಂದ ಗಂಟೆಯ ದನಿ ನೀರಿನ ಮೇಲೆ ನಡೆದು ಬರುತ್ತಿತ್ತು. ದುರುಗಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದೊಂದೇ ಬಿಲ್ಲೆಯನ್ನು ನೀರಿಗೆ ಬಿಟ್ಟಳು. "ಯಾರ ಮನಿಯಾಕಿಯೋ ಏನೋ, ತಣ್ಣಗಿರು ತಾಯಿ," ಎಂದು ಪ್ರತಿಯೊಬ್ಬಳಿಗೂ ಹೇಳಿದಳು. ಆರು ಮುಖಗಳು ಒಂದು ಸಲ ಮಿಂಚಿ ಮುಳುಗಿದವು.

ಅಂಚಿನಲ್ಲಿ ಹಲ್ಲಿನ ಗುರುತಿದ್ದ ಏಳನೆಯದನ್ನು ಅವನಿಗೆ ಚಾಚಿದಳು. "ತಗೋ. ನಿಮ್ಮವ್ವ. ಈ ಮುಖ ಆಕೀದು ಹೌದೋ ಅಲ್ಲೋ, ನಾನೂ ಆಕಿನ್ನ ಕಂಡಾಕಿ ಅಲ್ಲ. ಆದ್ರ ಹತ್ತು ವರ್ಷ ಆಕಿಗೆ ತೋರಿಸದ ನಾ ಒಂದು ತುತ್ತು ಉಂಡಿಲ್ಲ."

ರಾಮಲಿಂಗಪ್ಪ ತನ್ನ ಉಡದಾರದಿಂದ ಒಂದೆಳೆ ಕರಿದಾರ ಕಿತ್ತು ಬಿಲ್ಲೆಗೆ ಪೋಣಿಸಿದ.

"ಏನ್ ಮಾಡಾಕತ್ತಿ? ಗಂಡ ಇಲ್ಲದಾಕಿಗೆ ಸವತಿ ಇರಂಗಿಲ್ಲೋ."

"ಸವತಿ ಇರಂಗಿಲ್ಲ. ಅಕ್ಕ ಇರಾಕ ಬರ್ತದ."

ಅವಳು ದಂಡೆಯ ಬಂಡೆಯ ಮೇಲೆ ಕೂತಳು. ಅವನು ಕೆಳಗೆ ಮರಳಿನಲ್ಲಿ ಮೊಣಕಾಲೂರಿ, ಅವಳ ಕೊರಳ ಸುತ್ತ ದಾರ ತಂದು, ಗಂಟು ಹಾಕಲು ತಲೆ ಎತ್ತಿದ. ಕೈ ಅಲ್ಲೇ ನಿಂತಿತು.

ಬಿಸಿಲು ನೀರಿಗೆ ಬಡಿದು ಅವಳ ಗದ್ದದ ಮೇಲೆ ಬೆಳದಿಂಗಳಂತೆ ಆಡುತ್ತಿತ್ತು. ಗದ್ದದ ಅಡಿಯಲ್ಲಿ, ಎದುರಿಗೆ ನಿಂತವರಿಗೆ ಎಂದೂ ಕಾಣದ ಜಾಗದಲ್ಲಿ, ಸಾಲಾಗಿ ಮೂರು ಹಸಿರು ಹಚ್ಚೆಯ ಚುಕ್ಕಿ.

"ಯಾಕೋ, ಗಂಟು ಬೀಳವಲ್ದೇನು?" ಎಂದಳು ಅವಳು.

"ಬಿತ್ತು, ಯವ್ವಾ."

ಆದರೂ ಅವನು ಏಳಲಿಲ್ಲ. ಅವಳು ಹೊಳೆಯ ಕಡೆ ನೋಡುತ್ತ, ತನಗೇ ಗೊತ್ತಿಲ್ಲದ ಹಾಗೆ ಏನನ್ನೋ ಗುನುಗತೊಡಗಿದ್ದಳು.