ಬಾಯಿ ಮುಚ್ಚಿದ ಟ್ಯಾಪೆಟ್

ಡ್ರಾಯಿಂಗ್ ಮೇಷ್ಟ್ರ ಕಾರಿನ ಸದ್ದು ಕಳವಾಗಿತ್ತು.

ಅಂಥಿಂಥ ಸದ್ದಲ್ಲ. ಹಳೇ ಎಂಜಿನ್ನು ಬೀದಿಗೆಲ್ಲ ಕೇಳುವಂತೆ ಟಕಟಕ ಬಡಿದುಕೊಳ್ಳುತ್ತಿತ್ತು. “ಅದರ ಬಾಯಿ ಮುಚ್ಚಿಸೋವರೆಗೂ ಈ ಮನೆಗೆ ಕಾಲಿಡಲ್ಲ” ಎಂದು ಹೆಂಡತಿ ದಿಬ್ಬದ ಮೇಲಿನ ತವರಿಗೆ ಹೋಗಿ ಕೂತಿದ್ದಳು. ಇವತ್ತು ಬೆಳಿಗ್ಗೆ ನೋಡಿದರೆ ಸದ್ದೇ ಇಲ್ಲ. ಮೇಷ್ಟ್ರು ಹಿರಿಹಿರಿ ಹಿಗ್ಗಿ ಹೆಂಡತಿಯನ್ನು ಕರೆತರಲು ಹೊರಟರು. ಎಂಜಿನ್ ಬಿಸಿಯಾದದ್ದೇ ತಡ, ಕಾರು ಏದುಸಿರು ಬಿಟ್ಟು ಸರಿಯಾಗಿ ಮಾವನ ಮನೆಯೆದುರೇ ಕೈಕೊಟ್ಟಿತು. ಬಡಗಿ ಮಾವ ತಾವೇ ಅದನ್ನು ತಿರುಗಿಸಿ, ಇಳಿಜಾರಿನಲ್ಲಿ ತಳ್ಳಿಕೊಂಡು ಅಳಿಯನ ಮನೆ ಮುಟ್ಟಿಸಿದರು.

ಹಿಂದೆಯೇ ಹೆಂಡತಿಯೂ ಬಂದಳು. ಆದರೆ ಗೇಟಿನಾಚೆಯೇ ಚೀಲ ಇಟ್ಟು ನಿಂತಳು. “ಕಾರು ಸರಿಹೋದ್ರೆ ಒಳಗೆ. ಇಲ್ದಿದ್ರೆ ಹಿಂಗೇ ವಾಪಸ್ಸು.”

ವರ್ಕ್‌ಶಾಪಿನ ಅಕ್ಕನಿಗೆ ಕರೆ ಹೋಯಿತು. ಅವಳು ಬಂದು, ಎಂಜಿನ್ ಆರಿದ ಮೇಲೆ ಮುಚ್ಚಳ ಬಿಚ್ಚಿ, ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಸಂದಿಗೆ ತೂರಿಸಲು ನೋಡಿದಳು. ತೂರಲಿಲ್ಲ.

“ಯಾರ್ರೀ ಇದಕ್ಕೆ ಕೈ ಹಾಕಿದ್ದು?”

“ಯಾಕೆ? ಸದ್ದು ನಿಂತಿದ್ದು ಒಳ್ಳೇದಲ್ವಾ?” ಅಂದರು ಮೇಷ್ಟ್ರು.

“ಒಳ್ಳೇದಾ? ಟ್ಯಾಪೆಟ್‌ಗೆ ಕೂದಲೆಳೆ ಸಂದಿ ಬೇಕು—ಬಿಸಿಯಾದಾಗ ಹಿಗ್ಗೋಕೆ. ಸಂದಿ ಜಾಸ್ತಿಯಾದ್ರೆ ಬಡ್ಕೊಳ್ಳತ್ತೆ. ಇಲ್ಲವೇ ಇಲ್ಲ ಅಂದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಸುಟ್ಟು ಹೋಗತ್ತೆ. ನೀವೇನಾದ್ರೂ—?”

“ನನಗೆ ಬಾನೆಟ್ ತೆಗೆಯೋಕೇ ಬರಲ್ಲ.”

“ಅದು ಗೊತ್ತು. ಸುಮ್ನೆ ಕೇಳ್ದೆ.”

ಪಕ್ಕದ ಮನೆಯ ಸಂಗೀತದ ಟೀಚರ್ ಕಾಂಪೌಂಡಿನಾಚೆಯಿಂದ ಇಣುಕಿದರು. ಅಕ್ಕ ಬಿಡುತ್ತಾಳೆಯೇ?

“ಟೀಚರ್, ಈ ಸದ್ದು ಕಂಡ್ರೆ ನಿಮಗೆ ಆಗ್ತಿರ್ಲಿಲ್ವಂತೆ?”

“ಆಗ್ತಿರ್ಲಿಲ್ಲ. ತಾಳ ತಪ್ಪಿಸತ್ತೆ ಅಂತ ಬೈದಿದ್ದೀನಿ. ಸ್ಪ್ಯಾನರ್ ಮಾತ್ರ ಮುಟ್ಟಿಲ್ಲಮ್ಮ.”

“ನಿನ್ನೆ ಮನೇಲಿ ಯಾರಿದ್ರು, ಮೇಷ್ಟ್ರೇ?”

“ಕಪಾಟಿನ ಕಾಲು ಸರಿಮಾಡೋಕೆ ಮಾವ ಬಂದಿದ್ರು. ನಾನು ಶಾಲೇಲಿದ್ದೆ.”

“ಮನೆ ಬೀಗದ ಕೈ ಟೀಚರ್ ಹತ್ರಾನೂ ಇರತ್ತೆ,” ಅಂದರು ಮಾವ, ಯಾರೂ ಕೇಳದೆಯೇ. ಟೀಚರ್ ದುರುಗುಟ್ಟಿ ನೋಡಿದರು.

ಅಕ್ಕ ಕೈ ತೊಳೆಯಲು ಬಚ್ಚಲಿಗೆ ಹೋದಳು. ಹೋದವಳು ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ದಬದಬ ಸದ್ದು. ಮೇಷ್ಟ್ರು ಓಡಿಹೋಗಿ ಅಭ್ಯಾಸಬಲದಿಂದ ಬಾಗಿಲ ಕೆಳಮೂಲೆಗೆ ಒದ್ದರು. ಚೌಕಟ್ಟಿಗೆ ಕಚ್ಚಿಕೊಂಡಿದ್ದ ಬಾಗಿಲು ತೆರೆಯಿತು.

“ಈ ಬಾಗಿಲು ಮಾಡಿದ್ಯಾರು?”

“ಮನೆ ಬಾಗಿಲೆಲ್ಲ ಮಾವಂದೇ. ಗಾಳೀನೂ ನುಸುಳಲ್ಲ.”

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕಳ್ಳ ಸಿಕ್ಕ ಬಿಡಿ.”

ಎಲ್ಲರೂ ಕಾರಿನ ಸುತ್ತ ಸೇರಿದರು.

“ಸದ್ದು ನಿಂತ್ರೆ ಸಾಕು ಅನ್ನೋರು ನಿಲ್ಲುವಷ್ಟು ಬಿಗಿಮಾಡಿ ಕೈ ತೊಳ್ಕೋತಾರೆ. ಇವರು ಎಂಟಕ್ಕೆ ಎಂಟೂ ಟ್ಯಾಪೆಟ್ಟು ಕಾಗದವೂ ತೂರದ ಹಾಗೆ ಬಿಗಿದಿದ್ದಾರೆ. ಸಂದಿ ಕಂಡ್ರೆ ನಿದ್ದೆ ಬರದ ಮನುಷ್ಯ ಈ ಮನೇಲಿ ಯಾರು? ಬಚ್ಚಲ ಬಾಗಿಲು ನೋಡಿದ್ಮೇಲೆ ಇನ್ನು ಕೇಳೋದೇನಿದೆ? ಅಲ್ವಾ, ಯಜಮಾನ್ರೇ?”

ಮಾವ ತಲೆ ತಗ್ಗಿಸಿದರು. “ಮಗಳು ತನ್ನ ಮನೆಗೆ ವಾಪಸ್ಸು ಹೋಗ್ಲಿ ಅಂತ ಮಾಡ್ದೆ. ಸಂದಿ ಬಿಟ್ಟು ಕೆಲ್ಸ ಮುಗಿಸೋದು ನನ್ನ ಕೈಲಿ ಆಗಲ್ಲಮ್ಮ.”

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪಾಪ ಅನ್ನಿಸಿತು.

ಅಕ್ಕ ಒಂದೊಂದೇ ಟ್ಯಾಪೆಟ್ ಸಡಿಲಿಸಿ, ಪಟ್ಟಿ ತೂರಿಸಿ ನೋಡಿ, ಮುಚ್ಚಳ ಹಾಕಿ ಎಂಜಿನ್ ಚಾಲೂ ಮಾಡಿದಳು. ಮೆಲ್ಲಗೆ, ಕಿವಿಗೊಟ್ಟರೆ ಮಾತ್ರ—ಟಿಕ್ ಟಿಕ್.

“ಇನ್ನೂ ಸದ್ದಿದೆಯಲ್ಲ?” ಗೇಟಿನಿಂದ ಹೆಂಡತಿ ಕೇಳಿದಳು.

“ಇಷ್ಟು ಇರ್ಲೇಬೇಕು ಕಣಮ್ಮ.”

ಹೆಂಡತಿ ಚೀಲ ಎತ್ತಿಕೊಂಡಳು. ಮೇಷ್ಟ್ರು ಗೇಟಿನತ್ತ ಓಡಿದರು. ಅವಳು ಗೇಟು ದೂಡಿ ಒಳಗೆ ಬಂದು, ಚೀಲವನ್ನು ಅವರ ಕೈಗೆ ಕೊಟ್ಟು, ಅಪ್ಪನ ಕಡೆ ತಿರುಗಿದಳು.

“ಇಷ್ಟಾದ್ರೆ ತಡ್ಕೋತೀನಿ. ಆದ್ರೆ ಅಪ್ಪ, ಆ ಬಚ್ಚಲ ಬಾಗಿಲು ಕೀಸಿಕೊಟ್ಟು ಹೋಗು. ಮದುವೆಯಾದಾಗಿಂದ ಒದ್ದೂ ಒದ್ದೂ ಕಾಲು ನೋಯ್ತಿದೆ. ನೀನು ಮಾಡಿದ್ದು ಅಂತ ಇಷ್ಟು ದಿನ ನಾನೂ ಬಾಯಿ ಮುಚ್ಕೊಂಡಿದ್ದೆ.”