ಬೆರ್ ಸರೋವರದಲ್ಲಿ ಮಗುಚಿದ ವಿಮಾನ

1913ರ ಜೂನ್ 11, ಬುಧವಾರ ಬೆಳಿಗ್ಗೆ ನೌಕಾದಳದ ಕ್ಯಾಪ್ಟನ್ ಕೆರ್ಗಾಲ್ ಸರೋವರದ ದಡದ ಮಾರ್ತಿಗ್ ಊರಿನ ಪೊಲೀಸ್ ಠಾಣೆಗೆ ನುಗ್ಗಿದ.

"ನಮ್ಮ ನೀರುವಿಮಾನ ನಿನ್ನೆ ಸರೋವರಕ್ಕೆ ಇಳೀತಿದ್ದ ಹಾಗೇ ಮಗುಚಿತು. ಪೈಲಟ್ ವಾಲಿಯೆಯ ಕಾಲು ಮುರಿದಿದೆ. ಯಾರೋ ಬೇಕಂತಲೇ ಮಾಡಿದ್ದು. ಸಂಜೆಯೊಳಗೆ ಹಿಡೀರಿ!"

ಇನ್‌ಸ್ಪೆಕ್ಟರ್ ಗಫಾರೆಲ್ ದೂರು ದಾಖಲಿಸಿ, ಕಾನ್‌ಸ್ಟೇಬಲ್ ಟಿಸ್ತೆಯೊಂದಿಗೆ ದಡದಲ್ಲಿದ್ದ ವಿಮಾನದ ಕೊಟ್ಟಿಗೆಗೆ ಹೋದ. ನೀರಿನಿಂದೆಳೆದ ವಿಮಾನ ರೆಕ್ಕೆ ಮುರಿದು ಬಿದ್ದಿತ್ತು. ಅದನ್ನು ತೇಲಿಸುತ್ತಿದ್ದ ಎರಡು ಪೊಳ್ಳು ಪೆಟ್ಟಿಗೆಗಳಿಗೆ ಮೇಣಬಟ್ಟೆಯ ಹೊದಿಕೆ. ಎಡಗಡೆಯದರ ತಳದಲ್ಲಿ ಹೊಲಿಗೆ ಬಾಯಿಬಿಟ್ಟಿತ್ತು. ಗಟ್ಟಿ ನೂಲು ಬಿಚ್ಚಿ, ಲಡ್ಡಾದ ಕಂದು ದಾರದಲ್ಲಿ ಮತ್ತೆ ಹೊಲಿದಿದ್ದರು. ನೀರು ಬಡಿದೊಡನೆ ಅದು ಕಿತ್ತುಹೋಗಿತ್ತು. ಪಂಚನಾಮೆಯಲ್ಲಿ ಗಫಾರೆಲ್ ಅಷ್ಟನ್ನೂ ಬರೆಸಿದ.

"ಇದು ಹಳೇ ಬಲೆ ದಾರ, ಸಾರ್," ಎಂದ ಟಿಸ್ತೆ.

"ಇಲ್ಲಿ ವಿಮಾನದ ಹೊದಿಕೆ ಹೊಲಿಯೋ ಕೆಲಸದವರಲ್ಲಿ ಬಲೆ ಕಟ್ಟೋರು ಯಾರು?"

"ನಮ್ಮೂರಿನ ನೊರೀನ್ ಚಿಕ್ಕಮ್ಮ ಒಬ್ಬಳೇ. ಮಿಕ್ಕವರು ಮಾರ್ಸೇ ಪಟ್ಟಣದಿಂದ ಬಂದ ದರ್ಜಿಗಳು."

"ಅವಳಿಗೇನು ದ್ವೇಷ?"

"ಮಾರ್ಚಲ್ಲಿ ಅವಳ ಮಗ ಲಾಝಾರ್ ದೋಣೀಲಿದ್ದಾಗ ಇದೇ ವಿಮಾನ ಅವನ ಮೇಲೆ ಹತ್ತಿತು. ಹೆಣಾನೂ ಸಿಗಲಿಲ್ಲ."

ಗಫಾರೆಲ್ ಈ ಊರಿಗೆ ಬಂದದ್ದು ಏಪ್ರಿಲ್‌ನಲ್ಲಿ. "ಕಡತ ಎಲ್ಲಿ?"

"ಇಲ್ಲ ಸಾರ್. ಹಿಂದಿನ ಸಾಹೇಬ್ರು ದೂರೇ ತಗೊಳ್ಳಲಿಲ್ಲ. ಸೇನೆ ವಿಷಯ ಅಂದ್ರು."

ಗಫಾರೆಲ್ ಅವಳ ಮನೆಯ ದಾರಿ ಹಿಡಿದ.

ಕಾಲುವೆ ಪಕ್ಕದ ಮನೆಯಲ್ಲಿ ನೊರೀನ್ ಮೀನಿನ ಹೊಟ್ಟೆ ಸೀಳಿ ಮೊಟ್ಟೆಚೀಲ ತೆಗೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ಹೊಲಿಗೆ ನಿಮ್ಮದೇನಮ್ಮ?"

"ನಂದೇ. ಅದಕ್ಕೇ ಅಲ್ಲಿ ಕೆಲಸಕ್ಕೆ ಸೇರಿದ್ದು. ಯಾರ ಅಮ್ಮ ಅಂತ ಒಬ್ಬರೂ ಕೇಳಲಿಲ್ಲ. ಅವರಿಗೆ ನನ್ನ ಮಗನ ಹೆಸರೇ ಗೊತ್ತಿರಲಿಲ್ಲವಲ್ಲ!"

"ಪೈಲಟ್ ಸಾಯಬಹುದಿತ್ತು."

"ನನ್ನ ಮಗ ಸತ್ತ. ನಿಮ್ಮ ಠಾಣೆ ಮೇಜಿನ ಮುಂದೆ ಮೂರು ಸಲ ನಿಂತೆ. ಒಂದು ಸಾಲು ಬರೆದ್ರಾ? ಪೈಲಟ್ ಕಾಲು ಮುರಿದದ್ದಕ್ಕೆ ಓಡಿ ಬಂದ್ರಿ!"

"ಈ ಪೈಲಟ್ ವಾಲಿಯೆ ಬಂದು ಹದಿನೈದು ದಿನ ಆಗಿಲ್ಲ. ಮಾರ್ಚಲ್ಲಿ ಓಡಿಸಿದವನು ಬೇರೆಯವನು."

ಚಾಕು ನಿಂತಿತು. "ಆ ಹುಡುಗನಿಗೆ ಅಮ್ಮ ಇದ್ದಾಳಾ?" ಎಂದಷ್ಟೇ ಕೇಳಿದಳು. ಕೈ ತೊಳೆದು, ಶಾಲು ಹೊದ್ದು ಅವರ ಜೊತೆ ಹೊರಟಳು.

ಠಾಣೆಯಲ್ಲಿ ಬಂಧನದ ಕಾಗದಕ್ಕೆ ಅವಳ ಹೆಬ್ಬೆಟ್ಟು ಹಾಕಿಸಿದ ಮೇಲೆ ಗಫಾರೆಲ್ ಹೊಸ ಹಾಳೆ ತೆಗೆದ.

"ಇನ್ನು ಮಾರ್ಚ್ ತಿಂಗಳದ್ದು ಹೇಳಿ, ಅಮ್ಮ. ದೋಣಿ ಎಲ್ಲಿತ್ತು?"

ಅಲ್ಲೇ ಕಾದು ಕೂತಿದ್ದ ಕೆರ್ಗಾಲ್ ಕುರ್ಚಿಯಿಂದೆದ್ದ. "ಏನ್ರೀ ಇದು? ಅದು ಸೇನೆಯ ಗುಪ್ತ ಪ್ರಯೋಗ. ನಿಮಗೆ ಸಂಬಂಧವಿಲ್ಲ."

"ವಿಮಾನ ಅದೇ ತಾನೇ? ಬೆಳಿಗ್ಗೆ ಅದರ ಬಗ್ಗೆ ನೀವು ದೂರು ಕೊಟ್ಟಾಗ ಗುಪ್ತ ಆಗಿರಲಿಲ್ಲ."

"ನಿಮ್ಮ ಕೆಲಸ ಹೋಗುತ್ತೆ!"

"ಹೋಗೋ ಮುಂಚೆ ಬರೀತೀನಿ. ಆವತ್ತು ಓಡಿಸ್ತಿದ್ದವನ ಹೆಸರು?"

ಕ್ಯಾಪ್ಟನ್ ಟೋಪಿ ಕೈಗೆತ್ತಿಕೊಂಡು ಹೊರನಡೆದ.

ನೊರೀನ್ ಹೇಳುತ್ತ ಹೋದಳು. ಅವಳಿಗೆ ವಿಮಾನದ ಮೇಲಾಗಲಿ, ನಿನ್ನೆಯ ಹುಡುಗನ ಮೇಲಾಗಲಿ ಈಗ ಹಗೆ ಉಳಿದಿರಲಿಲ್ಲ. ಮಗ ಸತ್ತನೆಂದು ಯಾರಾದರೂ ಒಪ್ಪಿಕೊಳ್ಳಲಿ ಎಂಬುದೊಂದೇ ಅವಳ ಹಟ. ಗಫಾರೆಲ್ ಮೊದಲ ಸಾಲು ಬರೆದು, ಗಟ್ಟಿಯಾಗಿ ಓದಿ ಹೇಳಿದ: "ಮೃತನ ಹೆಸರು, ಲಾಝಾರ್ ಎಸ್ಕಲೊನ್."

ಅವಳು ಆಗ ಅತ್ತಳು.