ಏಳನೆಯ ಹೆಸರು

ರಾಲ್ಫ್ ಟಟಲ್‌ನ ಶೂ ದಾರ ವಾರಕ್ಕೊಮ್ಮೆ ಕಿತ್ತುಹೋಗುತ್ತಿತ್ತು. ಪಂದ್ಯ ಶುರುವಾದಾಗಿನಿಂದ ಮುಗಿಯುವವರೆಗೆ ಬೆಂಚಿನ ಮೇಲೆ ಕೂತೇ ಇರುವ ಆಟಗಾರನ ಶೂ ದಾರ ಅದು ಹೇಗೆ ಕಿತ್ತುಹೋಗುತ್ತದೆ ಎಂದು ಟೊಲೀಡೊ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವಳು ಟೈಪಿಸ್ಟ್ ವಾಂಡಾ ಗೋರ್ಸ್ಕಿ. ಅವಳಿಗೆ ಉತ್ತರ ಗೊತ್ತಿತ್ತು.

“ಮಿಸ್ ಗೋರ್ಸ್ಕಿ, ಒಂದು ಜೊತೆ ದಾರ ಕೊಡ್ತೀರಾ?”

“ಹೋದ ಮಂಗಳವಾರ ಕೊಟ್ಟಿದ್ದು ಏನಾಯ್ತು ಮಿಸ್ಟರ್ ಟಟಲ್? ತಿಂದ್ಬಿಟ್ರಾ?”

“ಕೂತು ಕೂತು ಸವೆದುಹೋಯ್ತು.”

“ಕೂತ್ರೆ ಸವೆಯೋದು ಪ್ಯಾಂಟು. ದಾರ ಅಲ್ಲ.”

“ಹಾಗಾದ್ರೆ ಒಂದು ಪ್ಯಾಂಟು ಕೊಡಿ.”

ವಾಂಡಾ ತಲೆ ಎತ್ತಲಿಲ್ಲ. ಆದರೆ ಟೈಪ್ ಮಾಡುತ್ತಿದ್ದ ಪದದಲ್ಲಿ ಒಂದು ಅಕ್ಷರ ಹೆಚ್ಚಾಯಿತು. ಆರೂವರೆ ಅಡಿ ಎತ್ತರದ ಆ ಮನುಷ್ಯ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ನಿಂತು, ಅವಳ ಕಿವಿ ಕೆಂಪಾಗುವುದನ್ನೇ ಕಾಯುತ್ತಿದ್ದ. ಕೆಂಪಾದ ಮೇಲೆ ದಾರ ತೆಗೆದುಕೊಂಡು ಶಿಳ್ಳೆ ಹಾಕುತ್ತ ಹೊರಟುಹೋಗುತ್ತಿದ್ದ.

ಆಟಗಾರರು ಆಫೀಸಿನ ಹೆಂಗಸರ ಜೊತೆ ಓಡಾಡಬಾರದು ಎಂಬುದು ಕ್ಲಬ್ಬಿನ ನಿಯಮ. ಹಾಗಾಗಿ ಒಳಗೆ ಮಿಸ್ಟರ್, ಮಿಸ್, ನೀವು. ಭಾನುವಾರ ಚರ್ಚ್ ಮುಗಿಸಿ ಮಾಮಿ ನದಿಯ ದಂಡೆಗೆ ಬಂದರೆ ನೀನು, ನಾನು.

ಆ ಭಾನುವಾರಗಳಲ್ಲಿ ಅವರು ಇಬ್ಬರೇ ಇರುತ್ತಿರಲಿಲ್ಲ. ವಾಂಡಾಳ ಅಕ್ಕನ ಮಕ್ಕಳು, ಒಂಬತ್ತರ ಬಾಸಿಯಾ ಮತ್ತು ಆರರ ಐರೀನ್, ಮುಂದೆ ಮುಂದೆ ಓಡುತ್ತಿದ್ದರು. ಅಕ್ಕ ತೀರಿಕೊಂಡು ಮೂರು ವರ್ಷ. ಭಾವ ಸ್ಟ್ಯಾನ್ ಗಾಜಿನ ಕಾರ್ಖಾನೆಯ ಕುಲುಮೆಯ ಬಳಿ ಪಾಳಿಯ ಕೆಲಸ ಮಾಡಿ ಬಂದು ಮಂಚಕ್ಕೆ ಬೀಳುತ್ತಿದ್ದ. ಜಡೆ ಹೆಣೆಯುವುದು, ಹಲ್ಲು ಬಿದ್ದರೆ ಸಮಾಧಾನ ಮಾಡುವುದು, ಶುಕ್ರವಾರ ಪಿರೋಗಿ ಕಡುಬು ಬೇಯಿಸಿ ಬೆಣ್ಣೆಯಲ್ಲಿ ಹೊರಳಿಸುವುದು, ಎಲ್ಲ ಚಿಕ್ಕಮ್ಮನದೇ. ಮಕ್ಕಳನ್ನು ಬೇರೆ ಊರಿಗೆ ಕಳಿಸಲು ಸ್ಟ್ಯಾನ್ ಒಪ್ಪುವವನಲ್ಲ. ಬಿಟ್ಟು ಹೋಗುವುದು ವಾಂಡಾಳಿಂದ ಆಗದು. ಅದನ್ನು ಅವಳು ಮೊದಲ ತಿಂಗಳಲ್ಲೇ ರಾಲ್ಫ್‌ಗೆ ಹೇಳಿದ್ದಳು.

“ನಾನೆಲ್ಲಿಗೆ ಹೋಗ್ತೀನಿ?” ಎಂದಿದ್ದ ಅವನು. “ಮೂವತ್ತೊಂದಾಯ್ತು. ನನ್ನನ್ನ ಯಾರು ಕರೀತಾರೆ?”

ಮೂರು ವರ್ಷದ ಹಿಂದೆ ಅವನು ತಂಡದ ಮೊದಲ ಐವರಲ್ಲಿ ಒಬ್ಬ. ಹೊಸ ಕೋಚ್ ಬಂದ, ಅವನ ಜಾಗಕ್ಕೆ ಇಬ್ಬರು ಬಂದರು. ಅಲ್ಲಿಂದ ಬೆಂಚು. ಇದನ್ನು ಅವನು ಯಾವಾಗಲೂ ತಮಾಷೆ ಮಾಡಿಯೇ ಹೇಳುತ್ತಿದ್ದ. ಒಮ್ಮೆ ಮಾತ್ರ, ಮಾರ್ಚ್ ತಿಂಗಳ ತಣ್ಣನೆ ಗಾಳಿಯಲ್ಲಿ, ತಮಾಷೆ ಇರಲಿಲ್ಲ.

“ಪಂದ್ಯ ಮುಗಿದ ಮೇಲೆ ಎಲ್ರೂ ಬೆವರು ಒರೆಸ್ಕೊಂಡು ಸ್ನಾನಕ್ಕೆ ಹೋಗ್ತಾರೆ ವಾಂಡಾ. ನಾನೂ ಹೋಗ್ತೀನಿ. ನನ್ನ ಮೈಯಲ್ಲಿ ಬೆವರೇ ಇರಲ್ಲ. ಆದ್ರೂ ನೀರು ಸುರ್ಕೊಂಡು ನಿಂತಿರ್ತೀನಿ.”

“ಯಾಕೆ?”

“ಹಾಗೇ ಬಟ್ಟೆ ಹಾಕ್ಕೊಂಡು ಹೊರಟ್ರೆ ನಾಚಿಕೆ ಆಗುತ್ತೆ.”

ಅವಳು ಅವನ ಕೈ ಹಿಡಿದುಕೊಂಡಳು. ಆ ಕೈ ಸುಮ್ಮನಿರಲಿಲ್ಲ. ನಡೆಯುತ್ತ ನಡೆಯುತ್ತ ಅವನ ಬೆರಳುಗಳು ಇಲ್ಲದ ಚೆಂಡೊಂದನ್ನು ತಿರುಗಿಸುತ್ತಿದ್ದವು. ಅದು ಅವನಿಗೇ ಗೊತ್ತಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಅವನು ಹೇಳಿದ, “ನಾನು ಇಲ್ಲೇ ಇದ್ದುಬಿಡ್ತೀನಿ. ಬೆಂಚಾದ್ರೆ ಬೆಂಚು. ಎರಡು ವರ್ಷ ಕೂತು, ಆಮೇಲೆ ಸ್ಟ್ಯಾನ್‌ನ ಕಾರ್ಖಾನೆ ಸೇರ್ಕೋತೀನಿ. ನಿನ್ನ ಜೊತೆ, ಈ ಕೋತಿಗಳ ಜೊತೆ ಇರ್ತೀನಿ. ಸಾಕಲ್ಲ?”

“ಸಾಕು,” ಎಂದಳು ವಾಂಡಾ. ಆ ಸಂಜೆ ಮಕ್ಕಳ ತಲೆ ಬಾಚುವಾಗ ತನಗೆ ತಾನೇ ನಗುತ್ತಿದ್ದಳು. ಯಾಕೆ ಚಿಕ್ಕಮ್ಮ ಎಂದು ಬಾಸಿಯಾ ಕೇಳಿದರೆ, ಸುಮ್ಮನೆ ಕೂತ್ಕೋ, ಬೈತಲೆ ಸೊಟ್ಟ ಆಗುತ್ತೆ ಎಂದಳು.

ಮೇ ತಿಂಗಳ ಮೊದಲ ಸೋಮವಾರ ಮ್ಯಾನೇಜರ್ ಆಲ್ಬ್ರೆಕ್ಟ್ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

ಬರುವ ಸೀಸನ್‌ನಿಂದ ಲೀಗ್‌ಗೆ ಮೂರು ಹೊಸ ಊರುಗಳ ತಂಡಗಳು ಸೇರಲಿದ್ದವು. ಹೊಸ ತಂಡಕ್ಕೆ ಆಟಗಾರರು ಎಲ್ಲಿಂದ ಬರಬೇಕು? ಹಳೆಯ ತಂಡಗಳಿಂದಲೇ. ಪ್ರತಿ ಹಳೆಯ ಕ್ಲಬ್ಬು ಏಳು ಜನರ ಹೆಸರು ಬರೆದು, ಇವರನ್ನು ಮುಟ್ಟಬೇಡಿ ಎಂದು ಲಕೋಟೆಯಲ್ಲಿ ಕಳಿಸಬೇಕು. ಉಳಿದವರಲ್ಲಿ ಯಾರನ್ನು ಬೇಕಾದರೂ ಹೊಸಬರು ಎತ್ತಿಕೊಂಡು ಹೋಗಬಹುದು. ಲಕೋಟೆಯೊಳಗೆ ಏನಿದೆ ಎಂದು ಆಯ್ಕೆಯ ದಿನದವರೆಗೆ ಆಟಗಾರರಿಗೆ ತಿಳಿಯಬಾರದು.

ಆಲ್ಬ್ರೆಕ್ಟ್ ಪುದೀನ ಪೆಪ್ಪರ್‌ಮಿಂಟ್ ಚೀಪುತ್ತ ಹೆಸರು ಹೇಳಿದರು. ಆರು ಹೆಸರಿಗೆ ನಿಲ್ಲಿಸಿದರು.

“ಏಳನೆಯದು ಟಟಲ್ಲೋ, ಬ್ರ್ಯಾಂಡ್ಟೋ. ಕೋಚ್‌ಗೆ ಯಾರಾದ್ರೂ ಒಂದೇ ಅಂತೆ. ಬ್ರ್ಯಾಂಡ್ಟ್‌ಗೆ ಇಪ್ಪತ್ತೆರಡು, ಆದ್ರೆ ಚೆಂಡು ಕಂಡ್ರೆ ಹೆದರ್ತಾನೆ. ಟಟಲ್ ಒಳ್ಳೆಯವನು. ಗಲಾಟೆ ಇಲ್ಲ, ತಕರಾರಿಲ್ಲ. ಕೂರು ಅಂದ್ರೆ ಕೂತಿರ್ತಾನೆ. ಅವನನ್ನೇ ಇಟ್ಕೊಳ್ಳೋಣ ಅನ್ಸುತ್ತೆ. ನೀನೇನಂತೀಯಮ್ಮ? ದಿನಾ ಎಲ್ರನ್ನೂ ನೋಡ್ತೀಯಲ್ಲ.”

ಹೂಂ ಸರ್ ಎಂದರೆ ಮುಗಿದಿತ್ತು. ಎರಡೇ ಪದ. ರಾಲ್ಫ್ ಅವಳವನು, ಇಲ್ಲಿಯೇ, ಈ ನದಿಯ ದಂಡೆಯಲ್ಲೇ. ವಾಂಡಾಳ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಆದರೆ ‘ಕೂರು ಅಂದ್ರೆ ಕೂತಿರ್ತಾನೆ’ ಎಂಬುದು ಕಿವಿಯಿಂದ ಹೋಗಲಿಲ್ಲ.

“ಇಟ್ಕೊಂಡ್ರೆ ಆಡಿಸ್ತೀರಾ ಸರ್?”

“ಆಡಿಸೋದಾ? ಎಲ್ಲಿ? ಅವನ ಮುಂದೆ ಇಬ್ಬರಿದಾರೆ.”

“ಬಿಟ್ರೆ, ಹೊಸ ತಂಡದವರು ಕರ್ಕೋತಾರಾ?”

“ಕಣ್ಮುಚ್ಚಿ ಕರ್ಕೋತಾರೆ. ಅವರ ಹತ್ರ ಯಾರಿದಾರೆ? ಮೊದಲ ದಿನದಿಂದಲೇ ಆಡಿಸ್ತಾರೆ.”

ಹೊರಗೆ ಯಾರೋ ಕಾರಿಡಾರಿನಲ್ಲಿ ಚೆಂಡು ಪುಟಿಸುತ್ತ ಹೋದರು. ಆ ಸದ್ದು ದೂರವಾಗುವವರೆಗೆ ವಾಂಡಾ ಕಾದಳು.

“ಹಾಗಾದ್ರೆ ಬ್ರ್ಯಾಂಡ್ಟ್ ಹೆಸರು ಹಾಕಿ ಸರ್.”

ಆಲ್ಬ್ರೆಕ್ಟ್ ಭುಜ ಕುಣಿಸಿದರು. ಅವರಿಗೆ ಅದು ಊಟಕ್ಕೆ ಮುಂಚಿನ ಒಂದು ಸಣ್ಣ ಕೆಲಸ. ವಾಂಡಾ ತನ್ನ ಮೇಜಿಗೆ ಬಂದು ಟೈಪ್ ಮಾಡಿದಳು. ಮೊದಲ ಹಾಳೆ ಹಾಳಾಯಿತು, ಎರಡನೆಯದೂ. ಮೂರನೆಯದರಲ್ಲಿ ಏಳು ಹೆಸರು ನೆಟ್ಟಗೆ ಬಂದವು.

ಆಯ್ಕೆಗೆ ಇನ್ನೂ ಒಂದು ವಾರವಿತ್ತು. ಆ ಶನಿವಾರ ರಾಲ್ಫ್ ಅವಳನ್ನು ಒಂದು ಬಾಡಿಗೆ ಮನೆ ನೋಡಲು ಕರೆದುಕೊಂಡು ಹೋದ. ಮಕ್ಕಳ ಶಾಲೆಯಿಂದ ಎರಡೇ ಬೀದಿ. ಅಡುಗೆಮನೆಗೆ ಹಳದಿ ಬಣ್ಣ. ಅವನು ಬಾಗಿಲಲ್ಲಿ ಬಗ್ಗಿ, ಹಜಾರದಲ್ಲಿ ಬಗ್ಗಿ, ಅಡುಗೆಮನೆಗೆ ಬಂದು ಮೆಲ್ಲಗೆ ನೆಟ್ಟಗಾದ.

“ಇಲ್ಲಿ ಮಾತ್ರ ತಲೆ ತಾಗಲ್ಲ ನೋಡು. ಅಂದ್ರೆ ಅಡುಗೆ ನನ್ನದೇ ಅಂತ ಕಾಣುತ್ತೆ.”

“ನಿನಗೆ ಮೊಟ್ಟೆ ಬೇಯಿಸೋಕೆ ಬರಲ್ಲ.”

“ಹೇಳ್ಕೊಡು. ಎರಡು ವರ್ಷ ಇದೆ ಕಲಿಯೋಕೆ.”

ಅವಳು ಕಿಟಕಿಯ ಕಡೆ ತಿರುಗಿ ಪರದೆಯ ಅಳತೆ ತೆಗೆಯುವವಳಂತೆ ಕೈ ಚಾಚಿದಳು. ಹಾಗೆಯೇ ನಿಂತಳು. ಅವನು ಹಿಂದಿನಿಂದ ಬಂದು, “ಎಷ್ಟು ಗಜ ಬೇಕಂತೆ?” ಎಂದು ಕೇಳಿದ. ಉತ್ತರ ಬರದೇ ಇದ್ದಾಗ ಅವಳಿಗೆ ಸಂತೋಷದಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡ.

ಸೋಮವಾರ ಟೂಸಾನ್‌ನ ಹೊಸ ತಂಡ ರಾಲ್ಫ್ ಟಟಲ್‌ನನ್ನು ಆರಿಸಿಕೊಂಡಿತು. ಎರಡು ಸಾವಿರ ಮೈಲಿ ದೂರ, ಮರಳುಗಾಡಿನ ಊರು.

ಅವನು ಆಫೀಸಿಗೆ ಬರಲಿಲ್ಲ. ಸಂಜೆ ಅವಳ ಮನೆಯ ಹಿತ್ತಿಲಿಗೆ ಬಂದ. ಅವಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

“ಏಳು ಜನರಲ್ಲಿ ನಾನಿಲ್ಲ,” ಎಂದ. “ಎಂಟು ವರ್ಷ ಇದ್ದೆ ಇಲ್ಲಿ. ಅವರು ಬರೆದದ್ದು ಬ್ರ್ಯಾಂಡ್ಟ್ ಹೆಸರು. ಚೆಂಡು ಹಿಡಿಯೋಕೆ ಬರದೇ ಇರೋನು. ನಾನು ಅವನಿಗಿಂತ ಕಡೇನಾ ವಾಂಡಾ?”

ಆ ದೊಡ್ಡ ದೇಹ ಎಷ್ಟು ಚಿಕ್ಕದಾಗಿ ಕಾಣುತ್ತಿತ್ತೆಂದರೆ ಅವಳಿಗೆ ನೋಡಲಾಗಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆಗ ಅವನು ಕ್ಲಬ್ಬನ್ನು ಬೈಯುತ್ತ, ಅವಳನ್ನು ಪ್ರೀತಿಸುತ್ತ ಹೋಗುತ್ತಿದ್ದ. ಆದರೆ ಬೇಡವಾದವನು ಎಂಬ ಹೊರೆ ಹೊತ್ತು ಹೋಗುತ್ತಿದ್ದ.

“ಅವರು ನಿನ್ನ ಹೆಸರೇ ಹಾಕೋದ್ರಲ್ಲಿದ್ರು,” ಎಂದಳು. “ಬೇಡ ಅಂದಿದ್ದು ನಾನು.”

ಅವಳು ಎಲ್ಲವನ್ನೂ ಹೇಳಿದಳು, ಕೂರು ಅಂದರೆ ಕೂತಿರುತ್ತಾನೆ ಎಂದದ್ದನ್ನು ಬಿಟ್ಟು.

“ಶನಿವಾರ ಮನೆ ನೋಡಿದಾಗ ಗೊತ್ತಿತ್ತಾ?”

“ಗೊತ್ತಿತ್ತು.”

“ಪರದೆ ಅಳೀತಾ ನಿಂತಿದ್ದೆ.”

“ಹೂಂ.”

“ನನ್ನನ್ನ ಒಂದು ಮಾತು ಕೇಳಬೇಕಿತ್ತು.”

“ಕೇಳಿದ್ರೆ ಏನಂತಿದ್ದೆ?”

“ಇಲ್ಲೇ ಇರ್ತೀನಿ ಅಂತಿದ್ದೆ.”

“ಅದಕ್ಕೇ ಕೇಳಲಿಲ್ಲ.”

ರಾಲ್ಫ್ ಹಗ್ಗದ ಮೇಲಿದ್ದ ಐರೀನಳ ಪುಟ್ಟ ಲಂಗ ತೆಗೆದು, ತಪ್ಪುತಪ್ಪಾಗಿ ಮಡಿಚಿ, ಬುಟ್ಟಿಗೆ ಹಾಕಿದ. “ನನಗೆ ಎರಡೂ ಬೇಕಿತ್ತು,” ಎಂದ. “ಎರಡೂ ಸಿಗಲ್ಲ ಅಂತ ಗೊತ್ತಿತ್ತು. ಆದ್ರೆ ಯಾವುದನ್ನ ಬಿಡಬೇಕು ಅನ್ನೋದು ನನ್ನ ಕೈಯಲ್ಲಿರಬೇಕಿತ್ತು. ನೀನು ಅದನ್ನೂ ತಗೊಂಡೆ.”

ಅವನು ಅವಳ ಹಣೆಗೆ ತುಟಿಯೊತ್ತಿ ಗೇಟು ದಾಟಿದ. ಬೇಸಿಗೆಯಿಡೀ ಒಂದು ಕಾಗದವೂ ಬರಲಿಲ್ಲ.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಟೂಸಾನ್ ತಂಡ ಟೊಲೀಡೊಗೆ ಆಡಲು ಬಂತು. ವಾಂಡಾ ಮಕ್ಕಳಿಬ್ಬರನ್ನೂ ಕರೆದುಕೊಂಡು ಆಲ್ಬ್ರೆಕ್ಟರ ಹಿಂದಿನ ಸಾಲಿನಲ್ಲಿ ಕೂತಳು. ರಾಲ್ಫ್ ಮೊದಲ ಐವರಲ್ಲಿ ಒಬ್ಬನಾಗಿ ಬಂದ. ಬಂದವನು ಹೊರಗೆ ಹೋಗಲೇ ಇಲ್ಲ. ಅವನ ಜೊತೆಯವರು ಚೆಂಡು ಕಳೆದುಕೊಳ್ಳುತ್ತಿದ್ದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಅವನು ಓಡಿ ಓಡಿ ಎಲ್ಲರ ತಪ್ಪು ಮುಚ್ಚುತ್ತಿದ್ದ. ಕೆಳಗೆ ಬಿದ್ದ, ಎದ್ದ, ಯಾರನ್ನೋ ಗದರಿದ, ನಕ್ಕ. ಆ ನಗು ವಾಂಡಾ ಕಂಡಿರದ ನಗು. ಶೂ ದಾರಕ್ಕೆ ಬಂದಾಗಲೂ, ಹಳದಿ ಅಡುಗೆಮನೆಯಲ್ಲೂ ಅದನ್ನು ಕಂಡಿರಲಿಲ್ಲ. ಟೂಸಾನ್ ಹತ್ತೊಂಬತ್ತು ಅಂಕಗಳಿಂದ ಸೋತಿತು.

“ಇವನು ಹೀಗೆ ಆಡ್ತಾನೆ ಅಂತ ಯಾರಿಗೆ ಗೊತ್ತಿತ್ತು?” ಎಂದು ಆಲ್ಬ್ರೆಕ್ಟ್ ಹಿಂದೆ ತಿರುಗಿ ಕೇಳಿದರು.

“ಯಾರಿಗೂ ಇಲ್ಲ ಸರ್,” ಎಂದಳು.

ಹೊರಗೆ ಬಸ್ಸಿನ ಹತ್ತಿರ ಮಕ್ಕಳು ಅವನನ್ನು ಕಂಡು ಓಡಿದರು. ಅವನು ಐರೀನಳನ್ನು ಎತ್ತಿಕೊಂಡು, ವಾಂಡಾಳ ಮುಂದೆ ಬಂದು ನಿಂತ. ಬಿಸಿಲಿಗೆ ಕಪ್ಪಾಗಿದ್ದ.

“ಸೋತ್ವಿ,” ಎಂದ.

“ನೋಡಿದೆ.”

“ಹದಿನಾಲ್ಕರಲ್ಲಿ ಹನ್ನೆರಡು ಸೋತಿದೀವಿ. ಮೊಣಕಾಲು ಊದ್ಕೊಂಡಿದೆ. ಬೆಳಿಗ್ಗೆ ಮೆಟ್ಟಿಲು ಇಳಿಬೇಕಾದ್ರೆ ಗೋಡೆ ಹಿಡ್ಕೋತೀನಿ.” ಹೊಸ ಕೋಟು ತೋರಿಸುವವನ ಹಾಗೆ ಅದನ್ನು ಹೇಳಿದ.

“ನನ್ನ ಮೇಲಿನ ಕೋಪ ಹೋಯ್ತಾ?”

ಅವನು ಯೋಚಿಸಿ ಉತ್ತರ ಕೊಟ್ಟ. “ಆಡುವಾಗ ನೆನಪಾಗಲ್ಲ. ಬಸ್ಸಲ್ಲಿ ನೆನಪಾಗುತ್ತೆ. ಮೊದಲು ಕೋಪ ನೆನಪಾಗುತ್ತೆ, ಆಮೇಲೆ ನೀನು.”

ಡ್ರೈವರ್ ಹಾರ್ನ್ ಹೊಡೆದ. ಜೊತೆಗಾರರು ಒಬ್ಬೊಬ್ಬರಾಗಿ ಹತ್ತಿದರು. ರಾಲ್ಫ್ ಅವಳನ್ನು ನೋಡಿದ. ಬರ್ತೀಯಾ ಎಂಬ ಪ್ರಶ್ನೆ ಅವನ ಮುಖದಲ್ಲಿ ಮೂಡಿದ್ದು ಅವಳಿಗೆ ಸ್ಪಷ್ಟವಾಗಿ ಕಾಣಿಸಿತು. ಬೇಸಿಗೆಯಿಡೀ ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ ಅವಳು ಅದಕ್ಕೆ ಉತ್ತರ ಸಿದ್ಧಪಡಿಸಿಕೊಂಡಿದ್ದಳು. ಆಗಲ್ಲ ರಾಲ್ಫ್. ಅದನ್ನು ಹೇಳಿದರೆ ತಾನು ಅಲ್ಲಿಯೇ ಕುಸಿಯುತ್ತೇನೆ ಎಂದೂ ಗೊತ್ತಿತ್ತು.

ಅವನು ವಾಂಡಾಳ ಕೋಟಿನ ಅಂಚು ಹಿಡಿದು ನಿಂತಿದ್ದ ಬಾಸಿಯಾಳನ್ನು ನೋಡಿದ. ಐರೀನಳನ್ನು ಕೆಳಗಿಳಿಸಿ, ಮಂಡಿಯ ನೋವಿಗೆ ಮುಖ ಕಿವುಚಿಕೊಂಡು ಬಗ್ಗಿ, ಆ ಪುಟ್ಟ ಹುಡುಗಿಯ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಒಂದೊಂದಾಗಿ ಹಾಕಿದ.

“ಚಳಿ ಇದೆ,” ಎಂದ ವಾಂಡಾಳಿಗೆ. “ಮಕ್ಕಳನ್ನ ಮನೆಗೆ ಕರ್ಕೊಂಡು ಹೋಗು.”

ಬರ್ತೀಯಾ ಎಂದು ಕೇಳಲಿಲ್ಲ. ಅವಳ ಉತ್ತರವನ್ನು ಅವಳಿಂದ ಹೇಳಿಸದೆ, ಬಾಗಿಲಲ್ಲಿ ಬಗ್ಗಿ ಬಸ್ಸು ಹತ್ತಿದ.

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಐರೀನ್ ಕೈ ಬೀಸುತ್ತಿದ್ದಳು. “ಚಿಕ್ಕಮ್ಮ, ರಾಲ್ಫ್ ಅಂಕಲ್ ಮತ್ತೆ ಯಾವಾಗ ಬರ್ತಾರೆ?”

ಲೀಗ್‌ನ ವೇಳಾಪಟ್ಟಿ ಟೈಪ್ ಮಾಡಿದ್ದು ವಾಂಡಾಳೇ.

“ಫೆಬ್ರವರಿಲಿ,” ಎಂದಳು. “ಒಂದೇ ಒಂದು ಮಧ್ಯಾಹ್ನ.”